ಹಳೆಯ ಅಮೆರಿಕನ್ ಸಾಮ್ ಧಾಟಿಗಳನ್ನು ನಾಲ್ಕು ದನಿಯಲ್ಲಿ ಹಾಡುವುದು ಹೇಗೆ?

ಜನ ಚೌಕಾಕಾರವಾಗಿ ಎದುರುಬದುರು ಕೂತು, ಕೈ ಮೇಲೆ ಕೆಳಗೆ ಆಡಿಸುತ್ತಾ, ಗಂಟಲು ಬಿಚ್ಚಿ ಹಾಡುವ ವಿಡಿಯೊಗಳನ್ನು ನೀವೂ ನೋಡಿರಬಹುದು. ವಾದ್ಯ ಇಲ್ಲ, ಮೈಕ್ ಇಲ್ಲ, ಕೇಳುವವರೂ ಇಲ್ಲ. ಬೈಬಲಿನ ಕೀರ್ತನೆಗಳಿಗೆ ಕಟ್ಟಿದ ಹಳೆಯ ಅಮೆರಿಕನ್ ಸಾಮ್ ಧಾಟಿಗಳನ್ನು ಹಾಡುವುದು ಹೀಗೇ. ಅದನ್ನು ನೋಡಿದವರೆಲ್ಲ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ನಾವೂ ಹಾಡಬಹುದಾ, ಹಾಡಿದರೆ ಎಲ್ಲಿಂದ ಶುರು ಮಾಡೋದು? ಚರ್ಚ್ ಕಾಯರ್‌ನವರು ಕೇಳುತ್ತಾರೆ, ಪಾಶ್ಚಾತ್ಯ ಸಂಗೀತ ಕಲಿಯುವ ಹುಡುಗರು ಕೇಳುತ್ತಾರೆ, ಕರ್ನಾಟಕ ಸಂಗೀತದವರೂ ಕುತೂಹಲಕ್ಕೆ ಕೇಳುತ್ತಾರೆ. ಹಾಗಾಗಿ ಹಂತ ಹಂತವಾಗಿ ಬರೆದಿದ್ದೇನೆ.

ಹಾಡಬಹುದು, ಖಂಡಿತ. ಈ ಧಾಟಿಗಳನ್ನು ಕಟ್ಟಿದ್ದೇ ಸಾಮಾನ್ಯ ಜನ ಹಾಡಲಿ ಅಂತ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಇದು ಕೂತು ಕೇಳುವವರಿಗಾಗಿ ಮಾಡಿದ ಸಂಗೀತ ಅಲ್ಲ, ಹಾಡುವವರಿಗಾಗಿ ಮಾಡಿದ್ದು. ಹೊಸಬರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದನ್ನು ಮರೆತು, ಆಮೇಲಿನ ಕಾಲದ ನಯವಾದ ಚರ್ಚ್ ಹಾಡಿನ ಹಾಗೆ ಹಾಡಲು ಹೋಗುವುದರಿಂದಲೇ ಬರುತ್ತವೆ.

ಸ್ವಲ್ಪ ಹಿನ್ನೆಲೆ

ಸಾಮ್ ಅಂದರೆ ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಅನ್ನುವ ಪುಸ್ತಕದ ಒಂದೊಂದು ಹಾಡು. ಒಟ್ಟು 150 ಇವೆ. ಮೂಲದ ಸಾಲುಗಳು ಉದ್ದ ಗಿಡ್ಡ ಇರುವುದರಿಂದ, ಇಡೀ ಸಭೆ ಒಂದೇ ಧಾಟಿಯಲ್ಲಿ ಹಾಡಲಿ ಅಂತ ಇಂಗ್ಲಿಷಿನವರು ಅವನ್ನು ಅಳತೆಯ ಪದ್ಯಕ್ಕೆ ತಿರುಗಿಸಿದರು. ಇದಕ್ಕೆ ಮೆಟ್ರಿಕಲ್ ಸಾಮ್ ಅಂತ ಹೆಸರು. 1562ರ ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸ್ ಪುಸ್ತಕವನ್ನು ‘ಹಳೆ ಆವೃತ್ತಿ’ ಅಂತಲೂ, 1696ರ ಟೇಟ್ ಮತ್ತು ಬ್ರಾಡಿ ಪುಸ್ತಕವನ್ನು ‘ಹೊಸ ಆವೃತ್ತಿ’ ಅಂತಲೂ ಕರೆಯುತ್ತಾರೆ. 1719ರಲ್ಲಿ ಬಂದ ಐಸಾಕ್ ವಾಟ್ಸ್ ಅವರ ಪದ್ಯಗಳು ಇನ್ನೂ ಸಲೀಸು. ಅಮೆರಿಕದಲ್ಲಿ ಕೊನೆಗೆ ಗೆದ್ದದ್ದು ಇವೇ.

ಬ್ರಿಟಿಷ್ ಉತ್ತರ ಅಮೆರಿಕದಲ್ಲಿ ಮೊಟ್ಟಮೊದಲು ಅಚ್ಚಾದ ಪುಸ್ತಕವೇ ಒಂದು ಸಾಮ್ ಪುಸ್ತಕ: 1640ರ ‘ಬೇ ಸಾಮ್ ಬುಕ್’. ಅದರಲ್ಲಿ ಸ್ವರಲಿಪಿ ಇರಲಿಲ್ಲ. 1698ರ ಮುದ್ರಣದಲ್ಲಿ 13 ಧಾಟಿಗಳು ಸೇರಿದವು. ಅಷ್ಟರಲ್ಲಿ ಜನ ಬಾಯಿಪಾಠದಲ್ಲಿ ಒಬ್ಬೊಬ್ಬರು ಒಂದೊಂದು ಥರ ಎಳೆದು ಹಾಡುತ್ತಿದ್ದರು. ಒಬ್ಬ ಹಿರಿಯ ಸಾಲು ಓದುವುದು, ಮಿಕ್ಕವರು ಅದನ್ನು ಹಾಡುವುದು. ಇದನ್ನು ಸರಿ ಮಾಡಲೆಂದೇ 1721ರಲ್ಲಿ ಜಾನ್ ಟಫ್ಟ್ಸ್, ಥಾಮಸ್ ವಾಲ್ಟರ್ ಎಂಬ ಇಬ್ಬರು ಪಾದ್ರಿಗಳು ಸ್ವರ ಓದುವುದನ್ನು ಕಲಿಸುವ ಪುಸ್ತಕ ತಂದರು. ಊರೂರಲ್ಲಿ ಹಾಡಿನ ಶಾಲೆಗಳು ಎದ್ದವು. ಆ ಶಾಲೆಗಳಿಂದ ಬಂದವರು ತಾವೇ ಧಾಟಿ ಕಟ್ಟಲು ಶುರು ಮಾಡಿದರು. ಬಾಸ್ಟನ್ನಿನ ವಿಲಿಯಂ ಬಿಲ್ಲಿಂಗ್ಸ್ ಚರ್ಮ ಹದ ಮಾಡುತ್ತಿದ್ದರು. ಅವರ 1770ರ ‘ನ್ಯೂ ಇಂಗ್ಲೆಂಡ್ ಸಾಮ್ ಸಿಂಗರ್’ ಪೂರ್ತಿ ಅವರದ್ದೇ ಧಾಟಿಗಳ ಪುಸ್ತಕ. ಅದರ ಮುಖಚಿತ್ರ ಕೆತ್ತಿದವರು ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಪಾಲ್ ರಿವಿಯರ್. ಡೇನಿಯಲ್ ರೀಡ್ ಬಾಚಣಿಗೆ ಮಾಡುವವರು, ಲೂಯಿಸ್ ಎಡ್ಸನ್ ಕಮ್ಮಾರ, ಟಿಮೊತಿ ಸ್ವಾನ್ ಟೋಪಿ ಮಾಡುವವರು. ಜಸ್ಟಿನ್ ಮಾರ್ಗನ್ ಹೆಸರಲ್ಲಿ ಅಮೆರಿಕದಲ್ಲಿ ಒಂದು ಕುದುರೆ ತಳಿಯೇ ಇದೆ. ಇಂಥವರ ಕೈಯಲ್ಲಿ ಹುಟ್ಟಿದ ಸಂಗೀತ ಇದು.

ಏನೇನು ಬೇಕು?

ನಾಲ್ಕು ಜನ ಇದ್ದರೆ ಸಾಕು, ಎಂಟು ಜನ ಆದರೆ ಚೆಂದ. ಅದರಲ್ಲಿ ಒಬ್ಬರಾದರೂ ಶ್ರುತಿ ಹಿಡಿದು ಮೊದಲ ಸ್ವರ ಕೊಡುವಂತಿರಬೇಕು. ಪ್ರತಿಯೊಬ್ಬರಿಗೂ ನಾಲ್ಕೂ ದನಿ ಇರುವ ಪೂರ್ತಿ ಪ್ರತಿ, ಒಂದು ಪೆನ್ಸಿಲ್. ಹಾರ್ಮೋನಿಯಂ, ಕೀಬೋರ್ಡ್ ಮನೆಯಲ್ಲೇ ಇರಲಿ.

1. ಧಾಟಿ ಬೇರೆ, ಪದ್ಯ ಬೇರೆ. ಮೊದಲು ಅಳತೆ ನೋಡಿ

ಈ ಧಾಟಿಗಳಿಗೆ ಸಾಮಾನ್ಯವಾಗಿ ಊರಿನ ಹೆಸರು ಇರುತ್ತದೆ: ಲೆನಾಕ್ಸ್, ಗ್ರೀನಿಚ್, ವಿಂಡಮ್, ಮಾಂಟ್‌ಗೊಮರಿ. ಆ ಹೆಸರಿಗೂ ಪದ್ಯಕ್ಕೂ ಯಾವ ಸಂಬಂಧವೂ ಇಲ್ಲ. ಅಳತೆ ಹೊಂದಿದರೆ ಒಂದೇ ಧಾಟಿಗೆ ಹತ್ತಾರು ಸಾಮ್‌ಗಳನ್ನು ಹಾಡಬಹುದು. ಆದ್ದರಿಂದ ಮೊದಲು ಕಲಿಯಬೇಕಾದದ್ದು ಅಳತೆ.

ಮುಖ್ಯವಾದವು ನಾಲ್ಕೇ. ಪುಸ್ತಕದಲ್ಲಿ ಧಾಟಿಯ ಹೆಸರಿನ ಪಕ್ಕ ಅಕ್ಷರಗಳಲ್ಲಿ ಕೊಟ್ಟಿರುತ್ತಾರೆ.

ಸಿ.ಎಂ., ಅಂದರೆ ಕಾಮನ್ ಮೀಟರ್: ನಾಲ್ಕು ಸಾಲಿಗೆ 8, 6, 8, 6 ಸಿಲಬಲ್, ಅಂದರೆ ಉಚ್ಚಾರದ ತುಂಡು.
ಎಲ್.ಎಂ., ಅಂದರೆ ಲಾಂಗ್ ಮೀಟರ್: 8, 8, 8, 8.
ಎಸ್.ಎಂ., ಅಂದರೆ ಶಾರ್ಟ್ ಮೀಟರ್: 6, 6, 8, 6.
ಎಚ್.ಎಂ., ಅಂದರೆ ಹ್ಯಾಲಲೂಯ ಮೀಟರ್: ಆರಾರರ ನಾಲ್ಕು ಸಾಲು, ಆಮೇಲೆ ನಾಲ್ಕು ನಾಲ್ಕರ ನಾಲ್ಕು ಸಾಲು ಅಥವಾ ಎಂಟೆಂಟರ ಎರಡು ಸಾಲು.

ಷಟ್ಪದಿ, ರಗಳೆಗಳಿಗೆ ಪ್ರಸ್ತಾರ ಹಾಕಿ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ. ಇಲ್ಲಿ ಮಾತ್ರೆ ಎಣಿಸುವುದಿಲ್ಲ. ಲಘು ಗುರು ಯಾವುದೂ ಲೆಕ್ಕಕ್ಕಿಲ್ಲ. ಬಾಯಿಂದ ಬರುವ ಉಚ್ಚಾರದ ತುಂಡುಗಳನ್ನಷ್ಟೇ ಎಣಿಸಬೇಕು. 100ನೇ ಸಾಮ್‌ನ ಹಳೆಯ ಪದ್ಯದ ಮೊದಲ ಸಾಲು ನೋಡಿ: ಆಲ್ | ಪೀ | ಪಲ್ | ದಟ್ | ಆನ್ | ಅರ್ತ್ | ಡು | ಡ್ವೆಲ್. ಎಂಟು. ಒತ್ತು ಎರಡು, ನಾಲ್ಕು, ಆರು, ಎಂಟನೆಯ ತುಂಡಿನ ಮೇಲೆ. ಒಂದು ತೇಲು, ಒಂದು ಒತ್ತು, ಹೀಗೇ ಸಾಗುತ್ತದೆ.

ಎರಡು ಎಚ್ಚರಿಕೆ. ‘ಹೆವನ್’, ‘ಪವರ್’ ತರಹದ ಪದಗಳು ಪದ್ಯದಲ್ಲಿ ಎಷ್ಟೋ ಸಲ ಒಂದೇ ತುಂಡಾಗಿ ಎಣಿಕೆಗೆ ಬರುತ್ತವೆ. ಲೆಕ್ಕ ಒಂದು ಜಾಸ್ತಿ ಬಂದರೆ ಮೊದಲು ಅಲ್ಲಿ ನೋಡಿ. ಇನ್ನೊಂದು ನಮ್ಮದೇ ಬಾಯಿಯ ತೊಂದರೆ. ಪದದ ಕೊನೆಯ ವ್ಯಂಜನಕ್ಕೆ ನಾವು ಒಂದು ಉಕಾರ ಸೇರಿಸಿಬಿಡುತ್ತೇವೆ: ‘ಹ್ಯಾಂಡು’, ‘ಸ್ಯಾಂಡು’. ಮಾತಾಡುವಾಗ ಯಾರೂ ಗಮನಿಸುವುದಿಲ್ಲ. ಎಂಟು ಜನ ಒಟ್ಟಿಗೆ ಹಾಡುವಾಗ ಸಾಲಿಗೆ ಎರಡು ಮೂರು ತುಂಡು ಹೆಚ್ಚಾಗಿ, ತಾಳವೇ ಹಿಂದೆ ಬೀಳುತ್ತದೆ.

2. ಮೊದಲ ಧಾಟಿ ಸರಳವಾದದ್ದೇ ಇರಲಿ

ಎಲ್ಲರಿಗೂ ಆಸೆ ಫ್ಯೂಗಿಂಗ್ ಟ್ಯೂನ್ ಮೇಲೆ. ಅಂದರೆ ದನಿಗಳು ಒಂದರ ಹಿಂದೆ ಒಂದು ಓಡಿಬರುವ ಧಾಟಿ. ಸ್ವಲ್ಪ ತಡೀರಿ. ಮೊದಲು ನಾಲ್ಕೂ ದನಿ ಒಟ್ಟಿಗೆ ಹೆಜ್ಜೆ ಹಾಕುವ ‘ಪ್ಲೇನ್ ಟ್ಯೂನ್’ ಒಂದನ್ನು ಗಟ್ಟಿ ಮಾಡಿಕೊಳ್ಳಿ.

ನನ್ನ ಆಯ್ಕೆ ರೀಡ್ ಅವರ ‘ವಿಂಡಮ್’, 1785ರದ್ದು. ಎಲ್.ಎಂ. ಅಳತೆ, ಮೈನರ್ ಸ್ವರಶ್ರೇಣಿ (ಅದೇನು ಅಂತ 6ನೇ ಹಂತದಲ್ಲಿದೆ), ನಿಧಾನ ನಡೆ. ಇದಕ್ಕೆ ಸಾಮಾನ್ಯವಾಗಿ ಅಚ್ಚಾಗಿರುವ ಪದ್ಯ ಸಾಮ್ ಅಲ್ಲ. ನೀವು ವಾಟ್ಸ್ ಅವರ 51ನೇ ಸಾಮ್ ಹಾಕಿ, ಅದರಲ್ಲೂ ಎಲ್.ಎಂ. ರೂಪವನ್ನೇ. ಒಂದೇ ಸಾಮ್‌ಗೆ ಬೇರೆ ಬೇರೆ ಅಳತೆಯ ಪದ್ಯಗಳಿರುತ್ತವೆ, ನೋಡಿ ಆರಿಸಬೇಕು. ಕರುಣೆ ಬೇಡುವ ಆ ಸಾಮ್‌ಗೂ ಈ ಧಾಟಿಗೂ ಒಳ್ಳೇ ಹೊಂದಾಣಿಕೆ. ಅಳತೆ ಹೊಂದಿದ ಮಾತ್ರಕ್ಕೆ ಏನನ್ನು ಬೇಕಾದರೂ ಹಾಕುವ ಹಾಗಿಲ್ಲ, ಅಲ್ವಾ? 100ನೇ ಸಾಮ್‌ನ ಸಂಭ್ರಮವನ್ನು ವಿಂಡಮ್‌ಗೆ ತುರುಕಿದರೆ ಮದುವೆ ಮನೆಯಲ್ಲಿ ಚರಮಗೀತೆ ಹಾಡಿದ ಹಾಗಾಗುತ್ತದೆ. ಅದಕ್ಕೆ ‘ಓಲ್ಡ್ ಹಂಡ್ರೆಡ್’ ಇದೆ. ಆ ಧಾಟಿ ಅಮೆರಿಕದ್ದಲ್ಲ, 1551ರ ಜಿನೀವಾದ್ದು. ಆದರೂ ಅಮೆರಿಕದ ಪ್ರತಿ ಹಾಡುಗಾರರೂ ಹಾಡಿದ್ದಾರೆ.

ಎರಡನೆಯದಕ್ಕೆ ಮಾರ್ಗನ್ ಅವರ ‘ಮಾಂಟ್‌ಗೊಮರಿ’ ತೆಗೆದುಕೊಳ್ಳಿ. ವಾಟ್ಸ್ ಅವರ 63ನೇ ಸಾಮ್, ಸಿ.ಎಂ. ಅದರ ವಿವರ 7ನೇ ಹಂತದಲ್ಲಿ ಬರುತ್ತದೆ. ಆಮೇಲೆ ರೀಡ್ ಅವರ ‘ಗ್ರೀನಿಚ್’ (73ನೇ ಸಾಮ್) ಮತ್ತು ಎಡ್ಸನ್ ಅವರ ‘ಲೆನಾಕ್ಸ್’. ಬಿಲ್ಲಿಂಗ್ಸ್ ಬೇಕೇ ಬೇಕು ಅನ್ನುವವರಿಗೆ 1778ರ ‘ಮೆಜೆಸ್ಟಿ’ ಇದೆ. ಹಳೆ ಆವೃತ್ತಿಯ 18ನೇ ಸಾಮ್‌ಗೆ ಕಟ್ಟಿದ್ದು. ಭರ್ಜರಿಯಾಗಿದೆ, ಆದರೆ ಮೊದಲ ತಿಂಗಳಿಗಲ್ಲ.

3. ಪ್ರತಿ ಹುಡುಕುವಾಗ

ಇವೆಲ್ಲ ಹಕ್ಕುಸ್ವಾಮ್ಯ ಮುಗಿದ ಕೃತಿಗಳು. ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹಿಮ್ನರಿ ಡಾಟ್ ಆರ್ಗ್‌ನಲ್ಲಿ ಧಾಟಿಯ ಹೆಸರು ಮತ್ತು ಅಳತೆ ಹಿಡಿದು ಹುಡುಕಬಹುದು. ಹುಡುಕುವಾಗ ಧಾಟಿಯ ಹೆಸರಿನ ಜೊತೆಗೆ ಕಟ್ಟಿದವರ ಹೆಸರನ್ನೂ ಹಾಕಿ. ಒಂದೇ ಹೆಸರಲ್ಲಿ ಬೇರೆ ಬೇರೆಯವರ ಧಾಟಿಗಳು ಇರುತ್ತವೆ. ‘ಸೇಕ್ರೆಡ್ ಹಾರ್ಪ್’ ಅನ್ನುವ ಪುಸ್ತಕ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. 1844ರಲ್ಲಿ ಜಾರ್ಜಿಯಾದವರು ತಂದ ಈ ಸಂಗ್ರಹ ಇವತ್ತಿಗೂ ಬಳಕೆಯಲ್ಲಿದೆ. ಅದರ 1991ರ ಮುದ್ರಣದಲ್ಲಿ ವಿಂಡಮ್ 38ನೇ ಪುಟದ ಕೆಳಭಾಗದಲ್ಲಿ, ಲೆನಾಕ್ಸ್ 40ರಲ್ಲಿ, ಗ್ರೀನಿಚ್ 183ರಲ್ಲಿ, ಮಾಂಟ್‌ಗೊಮರಿ 189ರಲ್ಲಿ ಇವೆ.

ಹದಿನೆಂಟನೇ ಶತಮಾನದ ಮೂಲ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಸಿಗುತ್ತವೆ. ನೋಡಲು ಖುಷಿ. ಆದರೆ ಅವನ್ನೇ ಹಿಡಿದು ಹಾಡಲು ಕೂತರೆ ಮೂರು ಕಡೆ ಸಿಕ್ಕಿಕೊಳ್ಳುತ್ತೀರಿ. ಒಂದು, ಆಗಿನ ಅಚ್ಚಿನಲ್ಲಿ ಪದದ ಮೊದಲು ಮತ್ತು ನಡುವೆ ಬರುವ ‘ಎಸ್’ ಅಕ್ಷರ ಥೇಟ್ ‘ಎಫ್’ ಥರ ಕಾಣುತ್ತದೆ. ‘ಸಿಂಗ್’ ಅನ್ನುವುದನ್ನು ‘ಫಿಂಗ್’ ಅಂತ ಓದುತ್ತೀರಿ. ಎರಡು, ಸ್ಟಾಫಿನ, ಅಂದರೆ ಸ್ವರ ಬರೆಯುವ ಐದು ಗೆರೆಗಳ, ಕೊನೆಯಲ್ಲಿ ಒಂದು ಸಣ್ಣ ಡೊಂಕು ಗುರುತು ಇರುತ್ತದೆ. ಅದು ಸ್ವರ ಅಲ್ಲ. ಮುಂದಿನ ಗೆರೆಯಲ್ಲಿ ಮೊದಲು ಬರುವ ಸ್ವರ ಎಲ್ಲಿದೆ ಅಂತ ತೋರಿಸುವ ಸೂಚನೆ, ‘ಡೈರೆಕ್ಟ್’ ಅಂತ ಹೆಸರು. ಅದನ್ನೂ ಸೇರಿಸಿ ಹಾಡಿದರೆ ಲೆಕ್ಕ ತಪ್ಪುತ್ತದೆ. ಮೂರು, ಎಷ್ಟೋ ಧಾಟಿಗಳ ಕೆಳಗೆ ಪದ್ಯವೇ ಇರುವುದಿಲ್ಲ. ಪದ್ಯದ ಪುಸ್ತಕ ಬೇರೆ ಇದ್ದ ಕಾಲ ಅದು.

4. ದನಿ ಹಂಚುವುದು: ಧಾಟಿ ಇರುವುದು ಟೆನರ್‌ನಲ್ಲಿ

ಪುಟದಲ್ಲಿ ನಾಲ್ಕು ಸ್ಟಾಫ್ ಒಂದರ ಕೆಳಗೆ ಒಂದು ಇರುತ್ತವೆ. ಮೇಲಿನಿಂದ ಟ್ರೆಬಲ್, ಕೌಂಟರ್ (ಈಗ ಆಲ್ಟೊ ಅನ್ನುತ್ತಾರೆ), ಟೆನರ್, ಬೇಸ್. ಇವತ್ತಿನ ಚರ್ಚ್ ಪುಸ್ತಕ ನೋಡಿ ಅಭ್ಯಾಸ ಇರುವವರು ಮೇಲಿನ ಗೆರೆಯೇ ಮುಖ್ಯ ಧಾಟಿ ಅಂದುಕೊಂಡು ಅದನ್ನೇ ಜೋರಾಗಿ ಹಾಡಿಸುತ್ತಾರೆ. ಆಮೇಲೆ ‘ಇದರಲ್ಲಿ ರಾಗವೇ ಸಿಗ್ತಿಲ್ಲ’ ಅನ್ನುತ್ತಾರೆ. ಧಾಟಿ ಇರುವುದು ಮೂರನೇ ಸ್ಟಾಫಿನಲ್ಲಿ, ಬೇಸ್‌ನ ನೇರ ಮೇಲೆ.

ಇನ್ನೊಂದು ಮುಖ್ಯ ವಿಷಯ. ಟೆನರ್ ಗಂಡಸರದ್ದು, ಟ್ರೆಬಲ್ ಹೆಂಗಸರದ್ದು ಅಂತ ಭಾಗ ಮಾಡಬೇಡಿ. ಎರಡನ್ನೂ ಗಂಡಸರು ಹೆಂಗಸರು ಸೇರಿ ಹಾಡಬೇಕು. ಗಂಡಸರು ಒಂದು ಸ್ಥಾಯಿ ಕೆಳಗೆ, ಹೆಂಗಸರು ಮೇಲೆ. ಹೀಗೆ ಮಾಡಿದಾಗ ನಾಲ್ಕು ದನಿ ಆರಾಗುತ್ತವೆ. ಸದ್ದಿಗೆ ಆ ತುಂಬಿದ ಗುಣ ಬರುವುದೇ ಇದರಿಂದ. ಎಂಟು ಜನರಿದ್ದರೆ ಟೆನರ್‌ಗೆ ಮೂರು, ಬೇಸ್‌ಗೆ ಇಬ್ಬರು, ಟ್ರೆಬಲ್‌ಗೆ ಇಬ್ಬರು, ಆಲ್ಟೊಗೆ ಒಬ್ಬರು ಸಾಕು. ಬೇಸ್ ತೆಳ್ಳಗಿದ್ದರೆ ಮಾತ್ರ ಎಲ್ಲವೂ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ಬಿಲ್ಲಿಂಗ್ಸ್ ಕೂಡ ಬೇಸ್ ಜಾಸ್ತಿ ಇರಲಿ ಅಂತಲೇ ಹೇಳುತ್ತಿದ್ದರು.

ಕೂರುವುದು ಚೌಕದಲ್ಲಿ, ಮುಖ ಒಳಗೆ. ನಾಲ್ಕು ಬದಿಗೆ ನಾಲ್ಕು ದನಿ. ತಾಳ ಹಾಕುವವರು ನಡುವೆ, ಟೆನರ್ ಕಡೆ ಮುಖ ಮಾಡಿ ನಿಲ್ಲುತ್ತಾರೆ. ವೇದಿಕೆ ಮೇಲೆ ಸಾಲಾಗಿ ನಿಂತು ಸಭೆ ಕಡೆ ಮುಖ ಮಾಡಿದರೆ ನಿಮಗೆ ನಿಮ್ಮ ದನಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಈ ಕೂರುವ ರೀತಿ ಆಮೇಲೆ ಬೆಳೆದು ಬಂದ ವಾಡಿಕೆ, ಆದರೂ ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

5. ಶ್ರುತಿ

ಪುಟದಲ್ಲಿ ಬರೆದ ಶ್ರುತಿಗೇ ಹಾಡಬೇಕು ಅಂತೇನಿಲ್ಲ. ಟ್ರೆಬಲ್ ಮತ್ತು ಟೆನರ್‌ನಲ್ಲಿ ಅತಿ ಎತ್ತರದ ಸ್ವರ ಯಾವುದು, ಬೇಸ್‌ನಲ್ಲಿ ಅತಿ ಕೆಳಗಿನದು ಯಾವುದು ಅಂತ ನೋಡಿ. ಎರಡೂ ಕಡೆಯವರಿಗೆ ಸಲೀಸಾಗುವ ಹಾಗೆ ಷಡ್ಜ ಇಟ್ಟುಕೊಳ್ಳಿ. ಸಂಜೆ ಹೊತ್ತಿಗೆ ಗಂಟಲು ದಣಿದಿದ್ದರೆ ಇನ್ನೊಂದು ಸ್ವರ ಇಳಿಸಿ. ಶ್ರುತಿ ಕೊಡುವವರು ಷಡ್ಜ ಹಾಡಿ, ನಾಲ್ಕೂ ದನಿಯವರು ತಮ್ಮ ತಮ್ಮ ಮೊದಲ ಸ್ವರವನ್ನು ಒಟ್ಟಿಗೆ ಹಿಡಿದು ನೋಡಿ, ಆಮೇಲೆ ಶುರು.

ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಬಹುದಾ ಅಂತ ಕೇಳುವವರಿದ್ದಾರೆ. ಷಡ್ಜ ಹಿಡಿಯಲು ಆಗಬಹುದು. ಹಾಡು ಶುರುವಾದ ಮೇಲೆ ನಿಲ್ಲಿಸಿ. ಬೇಸ್ ದನಿ ಆಧಾರ ಬದಲಿಸುತ್ತಾ ಹೋಗುತ್ತದೆ, ಒಂದೇ ಕಡೆ ನಿಂತ ಸ ಪ ಅದಕ್ಕೆ ಅಡ್ಡ ಬರುತ್ತದೆ.

6. ಮೊದಲು ಸ್ವರ, ಆಮೇಲೆ ಸಾಹಿತ್ಯ

ಗೀತೆ, ವರ್ಣ ಕಲಿತವರಿಗೆ ಇದು ಹೊಸದಲ್ಲ. ಇಲ್ಲೂ ಇಡೀ ಧಾಟಿಯನ್ನು ಒಮ್ಮೆ ಸ್ವರದ ಹೆಸರಿನಲ್ಲಿ ಹಾಡಿ, ಆಮೇಲೆ ಪದ್ಯಕ್ಕೆ ಹೋಗುತ್ತಾರೆ. ವ್ಯತ್ಯಾಸ ಏನೆಂದರೆ ಏಳು ಸ್ವರಕ್ಕೆ ನಾಲ್ಕೇ ಹೆಸರು: ಫಾ, ಸೊಲ್, ಲಾ, ಮಿ. ಇಂಗ್ಲೆಂಡಿನಿಂದ ಬಂದ ಪದ್ಧತಿ ಇದು. 1801ರಲ್ಲಿ ಬಂದ ‘ಈಸಿ ಇನ್‌ಸ್ಟ್ರಕ್ಟರ್’ ಪುಸ್ತಕದಲ್ಲಿ ಒಂದೊಂದು ಹೆಸರಿಗೆ ಒಂದೊಂದು ಆಕಾರ ಕೊಟ್ಟರು. ಫಾ ತ್ರಿಕೋನ, ಸೊಲ್ ದುಂಡು, ಲಾ ಚೌಕ, ಮಿ ವಜ್ರದಾಕಾರ. ಗೆರೆ ಎಣಿಸದೆ ಆಕಾರ ನೋಡಿಯೇ ಸ್ವರ ಹಿಡಿಯಬಹುದು. ಇದನ್ನೇ ಶೇಪ್ ನೋಟ್ ಅನ್ನುವುದು.

ನಮ್ಮ ಸ್ವರಗಳಿಗೆ ಹೊಂದಿಸಿಕೊಂಡರೆ ಬೇಗ ಬಾಯಿಗೆ ಹತ್ತುತ್ತದೆ.

ಮೇಜರ್, ಅಂದರೆ ನಮ್ಮ ಶಂಕರಾಭರಣದ ಸ್ವರಗಳು: ಸ ರಿ ಗ ಮ ಪ ದ ನಿ = ಫಾ ಸೊಲ್ ಲಾ ಫಾ ಸೊಲ್ ಲಾ ಮಿ.
ಮೈನರ್, ಅಂದರೆ ನಠಭೈರವಿಯ ಸ್ವರಗಳು: ಸ ರಿ ಗ ಮ ಪ ದ ನಿ = ಲಾ ಮಿ ಫಾ ಸೊಲ್ ಲಾ ಫಾ ಸೊಲ್.

ಹಳೆ ಪುಸ್ತಕಗಳಲ್ಲಿ ಮೇಜರ್‌ಗೆ ‘ಶಾರ್ಪ್ ಕೀ’, ಮೈನರ್‌ಗೆ ‘ಫ್ಲಾಟ್ ಕೀ’ ಅಂತ ಇರುತ್ತದೆ. ಬೇಸ್‌ನ ಕೊನೆಯ ಸ್ವರ ಫಾ ಆದರೆ ಮೇಜರ್, ಲಾ ಆದರೆ ಮೈನರ್. ಇಷ್ಟೇ ಪರೀಕ್ಷೆ.

ಕರ್ನಾಟಕ ಸಂಗೀತದವರಿಗೆ ಮೂರು ಕಿವಿಮಾತು. ಗಮಕ ಬೇಡ. ಸ್ವರವನ್ನು ನೇರ ಹಿಡಿಯಿರಿ, ನಡುಗಿಸಬೇಡಿ. ನೀವು ರಿಷಭವನ್ನು ಆಡಿಸಿದರೆ ಪಕ್ಕದ ದನಿಯ ಪಂಚಮಕ್ಕೆ ನಿಲ್ಲಲು ಜಾಗ ಇರುವುದಿಲ್ಲ. ಎರಡನೆಯದು, ಮೈನರ್ ಧಾಟಿಯಲ್ಲಿ ಬರೆಯದಿದ್ದರೆ ನಿಷಾದವನ್ನು ಏರಿಸಬೇಡಿ. ಪಿಯಾನೊ ಕಲಿತವರ ಕಿವಿ ಕೊನೆಯಲ್ಲಿ ಕಾಕಲಿ ನಿಷಾದ ಕೇಳುತ್ತದೆ, ಆದರೆ ಇಲ್ಲಿ ಕೈಶಿಕಿಯೇ ಸರಿ. ಮೂರನೆಯದು ಧೈವತದ ವಿಚಾರ. ಸೇಕ್ರೆಡ್ ಹಾರ್ಪ್ ಹಾಡುವ ಹಳಬರಲ್ಲಿ ಅನೇಕರು ಮೈನರ್ ಧಾಟಿಯ ಧೈವತವನ್ನು ಬರೆದದ್ದಕ್ಕಿಂತ ಮೇಲೆ ಹಾಡುತ್ತಾರೆ. ಆಗ ನಠಭೈರವಿ ಹೋಗಿ ಖರಹರಪ್ರಿಯ ಆಗುತ್ತದೆ. ಧ್ವನಿಮುದ್ರಣ ಕೇಳಿ ‘ಪುಸ್ತಕಕ್ಕೂ ಇದಕ್ಕೂ ಹೊಂದ್ತಿಲ್ಲವಲ್ಲ’ ಅಂತ ಗಾಬರಿಯಾಗಬೇಡಿ. ನಿಮ್ಮ ಗುಂಪು ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಂಡರೆ ಸಾಕು.

ಇನ್ನೂ ಒಂದು. ಸಾಲು ಮುಗಿಯುವಾಗ ಎಷ್ಟೋ ಕಡೆ ನಾಲ್ಕೂ ದನಿ ಸೇರಿ ಬರೀ ಸ ಮತ್ತು ಪ ಇರುತ್ತವೆ, ಗಾಂಧಾರ ಇರುವುದೇ ಇಲ್ಲ. ಅಚ್ಚಿನ ತಪ್ಪಲ್ಲ ಅದು. ಹತ್ತೊಂಬತ್ತನೇ ಶತಮಾನದಲ್ಲಿ ಲೊವೆಲ್ ಮೇಸನ್ ಮೊದಲಾದ ಸುಧಾರಕರು ಈ ಖಾಲಿ ಪಂಚಮಗಳನ್ನು ಒರಟು ಅಂತ ಬದಿಗೆ ತಳ್ಳಿ, ಯುರೋಪಿನ ಮಾದರಿಯ ಮೃದು ಸಂಗೀತ ತಂದರು. ನನಗೆ ಕೇಳಿದರೆ ಅವರು ಒರೆಸಿ ಹಾಕಿದ್ದೇ ಇದರ ಜೀವ. ನೀವಾಗಿ ಗಾಂಧಾರ ತುಂಬಿಸಲು ಹೋಗಬೇಡಿ.

ಬೇಸ್‌ನವರಿಗೆ ಕೆಲವು ಕಡೆ ಒಂದೇ ಕಡ್ಡಿಗೆ ಎರಡು ಸ್ವರ ಕಾಣಿಸುತ್ತವೆ. ಯಾವುದು ಗಂಟಲಿಗೆ ಸಿಗುತ್ತದೋ ಅದನ್ನು ಹಾಡಿ. ಇಬ್ಬರಿದ್ದರೆ ಒಬ್ಬರೊಬ್ಬರು ಒಂದೊಂದು ಹಿಡಿಯಿರಿ.

7. ಫ್ಯೂಗ್: ಓಡುವ ಭಾಗ

ಈಗ ಮಾಂಟ್‌ಗೊಮರಿ. ದೇವರಿಗಾಗಿ ಬಾಯಾರಿದವನ ಹಾಡು 63ನೇ ಸಾಮ್. ವಾಟ್ಸ್ ಅವರ ಎರಡನೇ ಚರಣದಲ್ಲಿ ಯಾತ್ರಿಕರು ಸುಡುವ ಮರಳಿನ ಮೇಲೆ, ಉರಿಯುವ ಆಕಾಶದ ಕೆಳಗೆ ನಡೆಯುತ್ತಿದ್ದಾರೆ. ತಣ್ಣನೆ ತೊರೆಗಾಗಿ ಹಂಬಲಿಸುತ್ತಾರೆ. ಕುಡಿಯಬೇಕು, ಇಲ್ಲ ಸಾಯಬೇಕು. ಅಲ್ಲಿಯವರೆಗೆ ಒಟ್ಟಿಗೆ ಬಂದ ದನಿಗಳನ್ನು ಮಾರ್ಗನ್ ಈ ಹಂಬಲದ ಸಾಲಿನಲ್ಲಿ ಬಿಡಿಸಿ ಹಾಕಿದ್ದಾರೆ. ಒಬ್ಬರ ಹಿಂದೆ ಒಬ್ಬರು ಅದೇ ಮಾತು ಹಿಡಿದು ನುಗ್ಗುತ್ತಾರೆ. ಒಬ್ಬರು ಇನ್ನೂ ತೊರೆ ಹುಡುಕುತ್ತಿರುವಾಗ ಇನ್ನೊಬ್ಬರು ಸಾವಿನ ಮಾತಿಗೆ ಬಂದಿರುತ್ತಾರೆ. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಸೇರುತ್ತಾರೆ. ಆಮೇಲೆ ಆ ಭಾಗ ಇನ್ನೊಮ್ಮೆ.

ಬಹುಪಾಲು ಫ್ಯೂಗಿಂಗ್ ಟ್ಯೂನ್‌ಗಳ ಅಚ್ಚು ಇದೇ. ಮೊದಲರ್ಧ ಒಟ್ಟಿಗೆ, ಎರಡನೇ ಅರ್ಧ ಅಟ್ಟಿಸಿಕೊಂಡು, ಎರಡನೇ ಅರ್ಧಕ್ಕೆ ಪುನರಾವರ್ತನೆ. ಬಹಳ ಕಡೆ ಬೇಸ್ ಮೊದಲು ಬರುತ್ತದೆ, ಆದರೆ ನಿಯಮ ಅಂತ ನಂಬಬೇಡಿ, ಪುಟ ನೋಡಿ. ಕಲಿಯುವ ಕ್ರಮ ಹೀಗಿರಲಿ:

ಮೊದಲು ಹಾಡಲೇಬೇಡಿ. ತಾಳ ಹಾಕುತ್ತಾ ಅವರವರ ಪ್ರವೇಶದಲ್ಲಿ ಪದ್ಯವನ್ನು ಬರೀ ಮಾತಿನಲ್ಲಿ ಹೇಳಿ. ಗೊಂದಲವೆಲ್ಲ ಇಲ್ಲೇ ಬಯಲಿಗೆ ಬರುತ್ತದೆ.
ನಿಮ್ಮ ಪ್ರವೇಶಕ್ಕೆ ಮುಂಚಿನ ಖಾಲಿ ಬಾರ್‌ಗಳನ್ನು ಪೆನ್ಸಿಲಿನಲ್ಲಿ ಎಣಿಸಿ ಬರೆದುಕೊಳ್ಳಿ. ಬಾರ್ ಅಂದರೆ ಎರಡು ನಿಲುವು ಗೆರೆಗಳ ನಡುವಿನ ತಾಳದ ತುಂಡು.
ಆಮೇಲೆ ಇಬ್ಬಿಬ್ಬರ ಜೋಡಿ: ಬೇಸ್ ಮತ್ತು ಟೆನರ್ ಮಾತ್ರ, ನಂತರ ಟೆನರ್ ಮತ್ತು ಟ್ರೆಬಲ್. ಆಲ್ಟೊ ಕೊನೆಗೆ.
ನಾಲ್ಕೂ ಸೇರಿದಾಗ ಯಾರಾದರೂ ತಪ್ಪಿದರೆ ನಿಲ್ಲಿಸಬೇಡಿ. ತಪ್ಪಿದವರು ಸುಮ್ನಿದ್ದು, ಎಲ್ಲರೂ ಸೇರುವ ಕಡೆ ಹತ್ತಿಕೊಳ್ಳಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಪ್ರವೇಶಕ್ಕಾಗಿ ತಾಳ ಹಾಕುವವರ ಕೈ ಕಾಯುವುದು. ಕೈ ಕಂಡ ಮೇಲೆ ಬಾಯಿ ತೆಗೆದರೆ ತಡವಾಯಿತು ಅಂತಲೇ ಅರ್ಥ. ಕೂತವರೂ ತಮ್ಮ ಕೈಯಲ್ಲಿ ತಾಳ ಹಾಕುತ್ತಿರಬೇಕು. ಆ ವಿಡಿಯೊಗಳಲ್ಲಿ ಎಲ್ಲರ ಕೈಯೂ ಆಡುವುದು ಅದಕ್ಕೇ.

8. ತಾಳ ಮತ್ತು ವೇಗ

ಕೈ ಕೆಳಗೆ, ಕೈ ಮೇಲೆ, ಇಷ್ಟೇ. ವೇಗಕ್ಕೆ ಹಳೆ ಹಾಡಿನ ಮೇಷ್ಟ್ರುಗಳು ಒಂದು ಉಪಾಯ ಹೇಳಿದ್ದಾರೆ. ದಾರಕ್ಕೆ ಗುಂಡು ಕಟ್ಟಿ ತೂಗುಬಿಡುವುದು. ನೀವೂ ಮಾಡಬಹುದು. ಒಂದು ಮೀಟರಿಗೆ ಒಂದು ಚೂರು ಕಮ್ಮಿ ಉದ್ದದ ದಾರಕ್ಕೆ ಒಂದು ನಟ್ಟು ಕಟ್ಟಿ ಬಾಗಿಲ ಚೌಕಟ್ಟಿಗೆ ನೇತು ಹಾಕಿ. ಈ ಕಡೆಯಿಂದ ಆ ಕಡೆಗೆ ಹೋಗಲು ಅದು ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಬಾರ್‌ಗೆ ನಾಲ್ಕು ಸೆಕೆಂಡ್ ಅಂದರೆ ‘ಅಡಾಜಿಯೊ’ ನಡೆ, ಅತಿ ನಿಧಾನದ್ದು. ವಿಂಡಮ್ ಕಲಿಯುವಾಗ ಈ ದಾರ ಒಳ್ಳೇ ಮೇಷ್ಟ್ರು. ಭಕ್ತಿ ಹೆಚ್ಚಾದಾಗ ಎಳೆಯುವ ಚಟ ಎಲ್ಲರಿಗೂ ಇರುತ್ತದೆ. ನಟ್ಟಿಗೆ ಭಕ್ತಿ ಇಲ್ಲ.

ಸಾಲಿನ ಕೊನೆಯಲ್ಲಿ ಉಸಿರಿಗೆ ಅಂತ ತಾಳ ನಿಲ್ಲಿಸಬೇಡಿ. ಹಾಡಿನ ಅಂತ್ಯದಲ್ಲೂ ಎಳೆದು ಮುಗಿಸುವುದು ಬೇಡ. ಬರೆದಷ್ಟು ಹೊತ್ತು ಹಿಡಿದು, ಥಟ್ಟನೆ ಬಿಡಿ. ‘ಇಲ್ಲಿ ಮೆಲ್ಲಗೆ, ಅಲ್ಲಿ ಜೋರು’ ಅಂತ ಅಲಂಕಾರಕ್ಕೂ ಹೋಗಬೇಡಿ. ಒತ್ತು ಬೀಳುವ ಪದಗಳು ಗಟ್ಟಿಯಾಗಿ ಬಂದರೆ ಮಿಕ್ಕದ್ದು ಧಾಟಿಯೇ ನೋಡಿಕೊಳ್ಳುತ್ತದೆ.

9. ಬೇರೆ ಪದ್ಯ ಹಾಕಿ ನೋಡುವುದು

ಒಂದು ಸಿ.ಎಂ. ಧಾಟಿ ಬಾಯಿಗೆ ಬಂದ ಮೇಲೆ ಬೇ ಸಾಮ್ ಬುಕ್‌ನ 23ನೇ ಸಾಮ್ ತೆಗೆದು ಅದಕ್ಕೇ ಹಾಡಿ ನೋಡಿ. ಪದ್ಯ ಒರಟು, ಪದಗಳ ಕ್ರಮ ತಿರುವುಮುರುವು, ಆದರೂ ಅಳತೆಗೆ ಕೂರುತ್ತದೆ. ಇದಕ್ಕೆ ಪ್ಲೇನ್ ಟ್ಯೂನ್ ಆರಿಸಿಕೊಳ್ಳಿ. ಫ್ಯೂಗ್ ಇರುವ ಧಾಟಿಗೆ ಬೇರೆ ಪದ್ಯ ಹಾಕಿದರೆ, ಅರ್ಧ ವಾಕ್ಯ ಮತ್ತೆ ಮತ್ತೆ ಬಂದು ಅರ್ಥ ಕೆಡುವ ಅಪಾಯ ಇದೆ.

ಪದ್ಯದ ಮೊದಲ ಪದದ ಮೇಲೂ ಕಣ್ಣಿರಲಿ. ಮಾಂಟ್‌ಗೊಮರಿಯ ಪದ್ಯ ‘ಅರ್ಲಿ’ ಎಂಬ ಪದದಿಂದ ಶುರುವಾಗುತ್ತದೆ. ಅದರ ಒತ್ತು ಮೊದಲ ತುಂಡಿನ ಮೇಲಿದೆ, ಎರಡನೆಯದರ ಮೇಲಲ್ಲ. ಇಂಥ ಪದ್ಯವನ್ನು ತೇಲಿಸಿ ಶುರು ಮಾಡುವ ಧಾಟಿಗೆ ಹಾಕಿದರೆ ‘ಅರ್‌-ಲೀ’ ಅಂತ ತಪ್ಪು ಕಡೆ ಗುದ್ದಿದ ಹಾಗೆ ಕೇಳುತ್ತದೆ.

ಕನ್ನಡದಲ್ಲಿ ಹಾಡಬಹುದಾ? ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಪಾಶ್ಚಾತ್ಯ ಧಾಟಿಗೆ ಕನ್ನಡ ಪದ್ಯ ಹಾಡುವುದು ನಮ್ಮ ಕ್ರೈಸ್ತ ಸಭೆಗಳಿಗೆ ಹೊಸದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಕಾಲದಿಂದ ನಡೆದು ಬಂದಿದೆ. ಆದರೆ ಎಂಟು ಅಕ್ಷರ ಎಣಿಸಿ ತುಂಬಿಸಿದರೆ ಕೆಲಸ ಆಗುವುದಿಲ್ಲ. ಗುರು ಅಕ್ಷರಗಳು ಉದ್ದ ಸ್ವರಕ್ಕೆ ಬೀಳಬೇಕು, ಇಲ್ಲದಿದ್ದರೆ ‘ಮನ’ ಹೋಗಿ ‘ಮಾನ’ ಆಗುತ್ತದೆ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೇ ತೂಕ ಜಾಸ್ತಿ. ಈ ಧಾಟಿಗಳು ಹೆಚ್ಚಾಗಿ ತೇಲು ಅಕ್ಷರದಿಂದ ಶುರುವಾಗುತ್ತವೆ. ಹಾಗಾಗಿ ಸಾಲಿನ ಮೊದಲಿಗೆ ‘ಓ’, ‘ಈ’, ‘ನೀ’ ತರಹದ ಒಂಟಿ ಅಕ್ಷರದ ಪದ ಇಟ್ಟುಕೊಂಡರೆ ಸುಲಭ. ಫ್ಯೂಗ್ ಇರುವ ಧಾಟಿಗೆ ಕನ್ನಡ ಪದ್ಯ ಬರೆಯುವ ಮುನ್ನ ವಿಂಡಮ್‌ನಲ್ಲಿ ಕೈ ಪಳಗಿಸಿಕೊಳ್ಳಿ.

10. ಹಳಬರ ಜೊತೆ ಕೂರುವುದು

ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಸುಲಭ. ಅಲ್ಲಿನ ಎಷ್ಟೋ ಊರುಗಳಲ್ಲಿ ಸೇಕ್ರೆಡ್ ಹಾರ್ಪ್ ಗುಂಪುಗಳಿವೆ. ಯಾರು ಬೇಕಾದರೂ ಹೋಗಬಹುದು. ಪರೀಕ್ಷೆ ಇಲ್ಲ, ಯಾವ ಧರ್ಮ ಅಂತ ಕೇಳುವುದಿಲ್ಲ, ಹೊಸಬರಿಗೆ ಪುಸ್ತಕವೂ ಅಲ್ಲೇ ಸಿಗುತ್ತದೆ. ದಿನವಿಡೀ ನಡೆಯುವ ಕೂಟಗಳಲ್ಲಿ ಮಧ್ಯಾಹ್ನದ ಊಟವೂ ಇರುತ್ತದೆ. ಎಲ್ಲರೂ ಮನೆಯಿಂದ ಏನಾದರೂ ಮಾಡಿ ತರುತ್ತಾರೆ. ಸಸ್ಯಾಹಾರಿಗಳು ತಮ್ಮದೊಂದು ಡಬ್ಬಿ ತಗೊಂಡು ಹೋದರೆ ಕ್ಷೇಮ.

ಮೊದಲ ಸಲ ಹೋದಾಗ ಟೆನರ್ ಕಡೆ ಕೂರಿ, ಧಾಟಿ ಅಲ್ಲೇ ಇರುವುದರಿಂದ ಹಿಡಿಯುವುದು ಸುಲಭ. ಮುಂದಿನ ಬೆಂಚು ಬೇಡ, ಅಲ್ಲಿ ಪಳಗಿದವರು ಕೂರುತ್ತಾರೆ. ತೀರಾ ಹಿಂದೆಯೂ ಬೇಡ, ಅಲ್ಲಿ ನಿಮಗೆ ಆಸರೆಯಾಗುವ ದನಿ ಸಿಗುವುದಿಲ್ಲ. ಎರಡನೇ ಸಾಲಿನಲ್ಲಿ, ಜೋರಾಗಿ ಹಾಡುವ ಯಾರಾದರೂ ಒಬ್ಬರ ಪಕ್ಕ ಕೂತುಬಿಡಿ. ಸ್ವರ ತಪ್ಪಿದರೂ ಆಕಾರದ ಹೆಸರು ಬಿಡಬೇಡಿ. ಧಾಟಿ ಹೇಳುವ ಬದಲು ಪುಟದ ನಂಬರ್ ಕೂಗುತ್ತಾರೆ, ಕಿವಿ ಚುರುಕಾಗಿರಲಿ. ನಿಮ್ಮನ್ನೂ ನಡುವೆ ಕರೆದು ಒಂದು ಹಾಡು ನಡೆಸಿ ಅಂದರೆ ಹೆದರಬೇಡಿ. 38 ಕೆಳಗಡೆ (ಅಂದರೆ ವಿಂಡಮ್) ಅಂತ ಹೇಳಿ, ಟೆನರ್‌ನವರ ಕಡೆ ಮುಖ ಮಾಡಿ ಕೈ ಇಳಿಸಿ.